ಹಳೆ ಬುಲೆಟ್‌ಗೆ ಸೈಡ್‌ಕಾರ್ ಕೂಡಿಸುವುದು: ಕಲಬುರಗಿ, ಬೀದರ, ಯಾದಗಿರಿ ಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ನಾಲ್ಕು ಬೋಲ್ಟ್ ಬಿಗಿದು ಸೈಡ್‌ಕಾರ್ ಕೂಡಿಸುವುದು ಅರ್ಧ ದಿನದ ಕೆಲಸ. ಆ ಗಾಡಿ ಹ್ಯಾಂಡಲ್ ಹಗುರಾಗಿ ಹಿಡಿದರೂ ನೆಟ್ಟಗೆ ಹೋಗುವಂತೆ ಮಾಡುವುದು ಮೂರು ದಿನದ ಕೆಲಸ. ಮೊದಲಿನದನ್ನು ಮುಗಿಸಿ ಎರಡನೆಯದನ್ನು ಬಿಟ್ಟವರ ಗಾಡಿಗಳು ಆರು ತಿಂಗಳಲ್ಲಿ ಶೆಡ್ಡಿನ ಮೂಲೆ ಸೇರುತ್ತವೆ. ತೋಳು ನೋಯುತ್ತದೆ, ಟೈರ್ ಸವೆಯುತ್ತದೆ, ಕೊನೆಗೆ ಸೈಡ್‌ಕಾರ್ ಅಂದರೇ ಹೀಗೆ ಎಂಬ ತಪ್ಪು ತಿಳುವಳಿಕೆ ಉಳಿಯುತ್ತದೆ. ಆದ್ದರಿಂದ ಇಲ್ಲಿ ಹೆಚ್ಚು ಜಾಗ ಅಳತೆಗೆ, ಕಡಿಮೆ ಜಾಗ ಅಲಂಕಾರಕ್ಕೆ.

ಯಾವ ಗಾಡಿ

ಸೈನ್ಯದ ಸೈಡ್‌ಕಾರ್ ಗಾಡಿ ಎಂದೊಡನೆ ಕಣ್ಣಿಗೆ ಬರುವ ರೂಪ ಜರ್ಮನಿಯ ಬಿಎಂಡಬ್ಲ್ಯು ಆರ್71ರದು. 1938ರಲ್ಲಿ ಬಂದ ಆ ಗಾಡಿಯನ್ನು ನೋಡಿಕೊಂಡೇ ಸೋವಿಯತ್ ರಷ್ಯಾ 1941ರಿಂದ ಎಂ-72 ತಯಾರಿಸಿತು. ಯುದ್ಧದ ನಡುವೆ ಮಾಸ್ಕೋದ ಕಾರ್ಖಾನೆಯನ್ನು ಉರಲ್ ಪರ್ವತಗಳಾಚೆಯ ಇರ್ಬಿತ್ ಊರಿಗೆ ಸಾಗಿಸಲಾಯಿತು. ಇಂದಿನ ಉರಲ್ ಗಾಡಿಗಳು ಹುಟ್ಟಿದ್ದು ಅಲ್ಲಿಂದ. ಚೀನಾದ ಚಾಂಗ್ ಜಿಯಾಂಗ್ 750 ಕೂಡ ಅದೇ ಬಳ್ಳಿಯ ಕುಡಿ. ಎಂ-72ರ 746 ಸಿಸಿ ಸೈಡ್‌ವಾಲ್ವ್ ಎಂಜಿನ್ನಿನ ಎರಡು ಸಿಲಿಂಡರ್‌ಗಳು ಅಡ್ಡಡ್ಡ ಚಾಚಿರುತ್ತವೆ, ಹಿಂದಿನ ಗಾಲಿಗೆ ಚೈನ್ ಬದಲು ಶಾಫ್ಟ್ ಇರುತ್ತದೆ. ಇಂಥ ಗಾಡಿ ಸಿಕ್ಕರೆ ಮೊದಲು ಹಿಂದಿನ ಗಾಲಿ ಬಿಚ್ಚಿ ಹಬ್ಬಿನ ಸ್ಪ್ಲೈನ್ ಹಲ್ಲುಗಳನ್ನು ನೋಡಬೇಕು. ಅವು ಸವೆದು ಚೂಪಾಗಿದ್ದರೆ ಎಂಜಿನ್ ಎಷ್ಟು ಚೆನ್ನಾಗಿ ಓಡಿದರೂ ಪ್ರಯೋಜನವಿಲ್ಲ. ಇನ್ನೊಂದು ಮಾತು: ಅವುಗಳ ಸೈಡ್‌ಕಾರ್ ಇರುವುದು ಬಲಕ್ಕೆ. ರಸ್ತೆಯ ಎಡಕ್ಕೆ ಓಡಿಸುವ ನಮ್ಮಲ್ಲಿ ಕೂತವರು ಎದುರು ಬರುವ ಲಾರಿಯ ಪಕ್ಕಕ್ಕೆ ಬರುತ್ತಾರೆ, ಓಡಿಸುವವರಿಗೆ ಮುಂದಿನ ವಾಹನದಾಚೆ ಏನೂ ಕಾಣುವುದಿಲ್ಲ.

ಈ ಸೀಮೆಯಲ್ಲಿ ನಿಜವಾಗಿ ಸಿಗುವುದು, ಬಿಡಿಭಾಗ ಸಿಗುವುದು, ಮಿಸ್ತ್ರಿ ಕೈ ಹಾಕುವುದು ಬುಲೆಟ್‌ಗೆ. 1950ರ ದಶಕದ ಮೊದಲಲ್ಲಿ ಭಾರತೀಯ ಸೇನೆ ಗಡಿ ಗಸ್ತಿಗೆಂದು 800 ಬುಲೆಟ್ 350 ತರಿಸಿಕೊಂಡಿತ್ತು, 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಹಾಗಾಗಿ ಸೈನ್ಯದ ಛಾಯೆ ಬೇಕೆನ್ನುವವರಿಗೆ ಬುಲೆಟ್ ಏನೂ ನಕಲಿ ಆಯ್ಕೆಯಲ್ಲ. ಕೆಳಗಿನದೆಲ್ಲ ಬಲಗಾಲಿನ ಗೇರ್ ಇರುವ, ಬೀಡು ಕಬ್ಬಿಣದ ಸಿಲಿಂಡರಿನ 346 ಸಿಸಿ ಬುಲೆಟ್‌ಗೆ, ಎಡಗಡೆ ಸೈಡ್‌ಕಾರ್‌ಗೆ ಸಂಬಂಧಿಸಿದ್ದು.

ಮೊದಲು ಕಾಗದ, ಆಮೇಲೆ ಪಾನಾ

ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯಿರಿ. ಆರ್‌ಸಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಬೇಕು. ನಂಬರಿನ ಸುತ್ತ ಗ್ರೈಂಡರ್ ಗೆರೆ ಕಂಡರೆ ಆ ಗಾಡಿ ಬಿಡಿ, ಎಷ್ಟೇ ಅಗ್ಗವಿರಲಿ. ಗಡಿ ಜಿಲ್ಲೆಗಳಾದ್ದರಿಂದ ತೆಲಂಗಾಣ, ಮಹಾರಾಷ್ಟ್ರದ ನೋಂದಣಿಯ ಗಾಡಿಗಳೇ ಹೆಚ್ಚು ಕೈಗೆ ಬರುತ್ತವೆ. ಅವಕ್ಕೆ ಆ ರಾಜ್ಯದ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ, ಮಾಲೀಕತ್ವ ಬದಲಾವಣೆಗೆ ಫಾರ್ಮ್ 29 ಮತ್ತು 30 ಬೇಕು. ನೋಂದಣಿಯ ಅವಧಿ ಮುಗಿದಿದ್ದರೆ ನವೀಕರಣಕ್ಕೆ ಫಾರ್ಮ್ 25. ಹಣ ಪೂರ್ತಿ ಕೊಡುವುದು ಇವೆಲ್ಲ ಕೈಗೆ ಬಂದ ಮೇಲೆ.

ಮೋಟಾರು ವಾಹನ ಕಾಯ್ದೆಯ 2(27)ನೇ ಕಲಮಿನಲ್ಲಿ ಮೋಟಾರ್ ಸೈಕಲ್ ಎಂಬ ಪದದ ವ್ಯಾಖ್ಯೆಯಲ್ಲೇ ಬಿಚ್ಚಬಹುದಾದ ಸೈಡ್‌ಕಾರ್ ಸೇರಿದೆ. ಆದರೆ ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿಗೂ ವ್ಯತ್ಯಾಸವಾದರೆ 52ನೇ ಕಲಂ ಅಡ್ಡ ಬರುತ್ತದೆ. ಆದ್ದರಿಂದ ಸೈಡ್‌ಕಾರ್ ಕಟ್ಟಿಸುವ ಮುಂಚೆಯೇ ನಿಮ್ಮ ಆರ್‌ಟಿಒಗೆ, ಅಂದರೆ ಕಲಬುರಗಿ ಕೆಎ-32, ಯಾದಗಿರಿ ಕೆಎ-33 ಅಥವಾ ಬೀದರ ಕೆಎ-38ಕ್ಕೆ, ಲಿಖಿತ ಅರ್ಜಿ ಕೊಟ್ಟು ಇನ್‌ಸ್ಪೆಕ್ಟರ್ ಏನೇನು ನೋಡುತ್ತಾರೆ ಎಂದು ತಿಳಿದುಕೊಳ್ಳಿ. ವಿಮೆ ಕಂಪನಿಗೂ ಬರೆದು ತಿಳಿಸಿ. ತಿಳಿಸದ ಸೈಡ್‌ಕಾರ್ ಅಪಘಾತದ ದಿನ ಪರಿಹಾರಕ್ಕೆ ಅಡ್ಡಿಯಾಗಬಹುದು.

ಗಾಡಿಗೆ 50 ವರ್ಷ ದಾಟಿದ್ದರೆ 2021ರ ನಿಯಮಗಳ ಪ್ರಕಾರ ವಿಂಟೇಜ್ ನೋಂದಣಿಯೂ ಉಂಟು. ನಂಬರಿನಲ್ಲಿ ವಿಎ ಅಕ್ಷರಗಳು ಬರುತ್ತವೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ, ಚಾಸಿಯಲ್ಲಿ ದೊಡ್ಡ ಬದಲಾವಣೆ ಇರಕೂಡದು. ಹಳೆ ಚಾಸಿಗೆ ವೆಲ್ಡಿಂಗ್ ಮಾಡದೆ ಕ್ಲಾಂಪ್‌ನಿಂದಲೇ ಎಲ್ಲ ಹಿಡಿಸುವುದಕ್ಕೆ ಇದೂ ಒಂದು ಕಾರಣ.

ಬಣ್ಣದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಸೇನೆಯ ವಾಹನಗಳಿಗಿರುವ ಮೇಲ್ಮುಖ ಬಾಣದ ನಂಬರ್ ಪ್ಲೇಟಂತೂ ಹಾಕಲೇಬಾರದು. ಮರಳು ಬಣ್ಣ ಅಥವಾ ಮಂದ ಬೂದು ಹಚ್ಚಿದರೆ ಸೈನ್ಯದ ಗತ್ತೂ ಉಳಿಯುತ್ತದೆ, ಇಲ್ಲಿನ ಬಿಳಿ ಸುಣ್ಣಗಲ್ಲಿನ ಧೂಳು ಕೂತರೂ ಕಾಣುವುದಿಲ್ಲ. ಮೂಲ ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು.

ಸೈಡ್‌ಕಾರ್ ಹತ್ತಿರ ತರುವ ಮುಂಚೆ ಮುಗಿಸಬೇಕಾದ್ದು

ಈ ಕೆಲಸಗಳನ್ನು ಆಮೇಲೆ ಮಾಡುತ್ತೇವೆಂದರೆ ಸೈಡ್‌ಕಾರ್ ಮತ್ತೆ ಬಿಚ್ಚಬೇಕಾಗುತ್ತದೆ.

ಮೊದಲನೆಯದು ಗೇರ್‌ಬಾಕ್ಸ್ ಸ್ಪ್ರಾಕೆಟ್, ಅಂದರೆ ಹಿಂದಿನ ಚೈನ್ ಎಳೆಯುವ ಹಲ್ಲುಗಾಲಿ. ಸೈಡ್‌ಕಾರ್ ತಾನೇ 80ರಿಂದ 100 ಕೆ.ಜಿ. ತೂಗುತ್ತದೆ, ಅದರ ಮೇಲೆ ಕೂತವರ ತೂಕ. ಮೂಲ ಸ್ಪ್ರಾಕೆಟ್ ಇಟ್ಟರೆ ಟಾಪ್ ಗೇರಿನಲ್ಲಿ ಎಂಜಿನ್ ಎಳೆಯಲಾರದೆ ಕುಟ್ಟುತ್ತದೆ, ಕ್ಲಚ್ ಪ್ಲೇಟು ಸುಡುತ್ತದೆ. ಒಂದರಿಂದ ಎರಡು ಹಲ್ಲು ಕಡಿಮೆ ಇರುವುದನ್ನು ಹಾಕಿ. ಬುಲೆಟ್‌ನಲ್ಲಿ ಈ ಸ್ಪ್ರಾಕೆಟ್ ಎಡಗಡೆ ಕ್ಲಚ್ಚಿನ ಹಿಂದೆ ಅಡಗಿರುತ್ತದೆ. ಪ್ರೈಮರಿ ಕೇಸ್, ಕ್ಲಚ್, ಒಳಗಿನ ಕೇಸ್ ಮೂರೂ ಬಿಚ್ಚಿದರೇ ಕೈಗೆ ಸಿಗುವುದು. ಬಿಚ್ಚಿದಾಗಲೇ ಕ್ಲಚ್ ಪ್ಲೇಟು, ಪ್ರೈಮರಿ ಚೈನ್, ಗೇರ್‌ಬಾಕ್ಸ್ ಆಯಿಲ್ ಸೀಲ್ ಹೊಸದು ಹಾಕಿಬಿಡಿ.

ಎರಡನೆಯದು ಹ್ಯಾಂಡಲ್ ಬೇರಿಂಗ್. ಮುಂದಿನ ಗಾಲಿ ನೆಲ ಬಿಡಿಸಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ನಡುವೆ ಎಲ್ಲಾದರೂ ಗುಂಡಿಗೆ ಬಿದ್ದಂತೆ ನಿಂತರೆ ಬೇರಿಂಗ್ ಬಟ್ಟಲಿನಲ್ಲಿ ಕುಳಿ ಬಿದ್ದಿದೆ. ಸೋಲೋ, ಅಂದರೆ ಸೈಡ್‌ಕಾರ್ ಇಲ್ಲದ, ಗಾಡಿಯಲ್ಲಿ ಅದು ಸಹಿಸಬಹುದಾದ ದೋಷ, ಸೈಡ್‌ಕಾರ್ ಗಾಡಿಯಲ್ಲಿ ಅದೇ 25–30 ಕಿ.ಮೀ. ವೇಗದಲ್ಲಿ ಹ್ಯಾಂಡಲ್ ಗಡಗಡ ನಡುಗಿಸುತ್ತದೆ. ಹಳೆ ಬುಲೆಟ್‌ಗಳ ಹ್ಯಾಂಡಲ್ ನಡುವೆ ಇರುವ, ಈ ನಡುಕ ತಡೆಯುವ ಡ್ಯಾಂಪರ್ ಗುಂಡಿಯನ್ನು ಬಹಳಷ್ಟು ಗಾಡಿಗಳಲ್ಲಿ ತೆಗೆದು ಬಿಸಾಡಿರುತ್ತಾರೆ. ಹುಡುಕಿ ಮತ್ತೆ ಹಾಕಿ.

ಮೂರನೆಯದು ಸ್ವಿಂಗ್ ಆರ್ಮ್ ಬುಷ್, ಗಾಲಿ ಬೇರಿಂಗ್, ಸ್ಪೋಕು. ತಿರುವಿನಲ್ಲಿ ಸೋಲೋ ಗಾಡಿ ವಾಲುತ್ತದೆ, ಆದ್ದರಿಂದ ಗಾಲಿಗೆ ಅಡ್ಡ ಒತ್ತಡ ಬೀಳುವುದು ಕಡಿಮೆ. ಸೈಡ್‌ಕಾರ್ ಗಾಡಿ ವಾಲುವುದಿಲ್ಲ, ಇಡೀ ಅಡ್ಡ ಒತ್ತಡ ಸ್ಪೋಕಿನ ಮೇಲೆ. ಪಾನಾದಿಂದ ಒಂದೊಂದನ್ನೇ ತಟ್ಟಿ: ಠಣ್ ಎನ್ನದೆ ಮಂಕಾಗಿ ಸದ್ದು ಮಾಡುವುದು ಸಡಿಲ. ಮುಂದಿನ ಫೋರ್ಕಿಗೆ ಗಟ್ಟಿ ಸ್ಪ್ರಿಂಗ್, ಹಿಂದೆ ಭಾರದ ಶಾಕ್ ಅಬ್ಸಾರ್ಬರ್ ಬೇಕು.

ಎಂಜಿನ್ನಿನ ಬಗ್ಗೆ ಬೇಗ ಹೇಳಿಬಿಡೋಣ. ಟ್ಯಾಪೆಟ್ ತಣ್ಣಗಿದ್ದಾಗ ಸಂದಿಲ್ಲದಂತೆ, ಆದರೆ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗುವಂತೆ. ಇಗ್ನಿಷನ್ ಪಾಯಿಂಟ್ ಸಂದು 0.35–0.40 ಮಿ.ಮೀ. ಆಯಿಲ್ 20ಡಬ್ಲ್ಯು-50. ಬಹಳ ದಿನ ನಿಂತ ಗಾಡಿಯಲ್ಲಿ ಆಯಿಲ್ ಪಂಪ್ ಮೂಲಕ ಸೋರಿ ಕ್ರ್ಯಾಂಕ್ ಕೆಳಗೆ ಸೇರಿರುತ್ತದೆ. ಹಾಗೇ ಕಿಕ್ ಹೊಡೆದರೆ ಬ್ರೀದರ್‌ನಿಂದ ಉಗುಳುತ್ತದೆ, ಸೈಲೆನ್ಸರ್ ನೀಲಿ ಹೊಗೆ ಬಿಡುತ್ತದೆ. ಕೆಳಗಿನ ಪ್ಲಗ್ ಬಿಚ್ಚಿ ಇಳಿಸಿ, ಆಮೇಲೆ ಹೊಸ ಆಯಿಲ್ ಹಾಕಿ. ಪಂಪ್ ತಿರುಗಿಸುವ ವರ್ಮ್ ನಟ್ ಎಡಮರೆಯದ್ದು, ಅಂದರೆ ಅದರ ಸುರುಳಿ ಗೆರೆ (ಥ್ರೆಡ್) ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ತಿಳಿಯದೆ ಮಾಮೂಲು ದಿಕ್ಕಿಗೆ ತಿರುಗಿಸಿ ಶಾಫ್ಟ್ ಕೆಡಿಸಿದ ಎಂಜಿನ್‌ಗಳು ಬೇಕಾದಷ್ಟಿವೆ.

ನಾಲ್ಕು ಹಿಡಿತಗಳು

ಸೈಡ್‌ಕಾರ್ ಫ್ರೇಮ್ ಗಾಡಿಯನ್ನು ನಾಲ್ಕು ಕಡೆ ಹಿಡಿಯಬೇಕು: ಕೆಳಗೆ ಎರಡು, ಮೇಲೆ ಎರಡು. ಮೂರೇ ಸಾಕು ಎನ್ನುವ ಫ್ಯಾಬ್ರಿಕೇಟರ್ ಸಿಕ್ಕರೆ ಬೇರೆಯವರ ಹತ್ತಿರ ಹೋಗಿ. ಕೆಳಗಿನ ಎರಡು ಭಾರ ಹೊರುತ್ತವೆ, ಮೇಲಿನ ಎರಡು ವಾಲು, ಅಂದರೆ ಬುಲೆಟ್ ಪಕ್ಕಕ್ಕೆ ಎಷ್ಟು ಬಾಗಿ ನಿಲ್ಲಬೇಕು ಎಂಬುದನ್ನು, ನಿರ್ಧರಿಸುತ್ತವೆ.

ಬುಲೆಟ್‌ನಲ್ಲಿ ತೊಡಕಿರುವುದು ಇಲ್ಲೇ. ಇದರ ಎಂಜಿನ್ ಕೆಳಗೆ ಚಾಸಿಯ ಪೈಪ್ ಹಾದುಹೋಗುವುದಿಲ್ಲ, ಎಂಜಿನ್ನೇ ಮುಂದಿನ ಪೈಪಿಗೂ ಹಿಂಭಾಗಕ್ಕೂ ಕೊಂಡಿ. ಆದ್ದರಿಂದ ಕೆಳಗಿನ ಮುಂದಿನ ಹಿಡಿತಕ್ಕೆ ಕ್ಲಾಂಪ್ ಹಾಕಲು ಪೈಪೇ ಇಲ್ಲ. ಎಂಜಿನ್ನಿನ ಮುಂದಿನ ಪ್ಲೇಟುಗಳನ್ನು ತೆಗೆದು ಅದೇ ತೂತಿನ ಅಳತೆಯಲ್ಲಿ 8 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟು ಕೊರೆಸಿ, ಅದಕ್ಕೆ ಕೊಂಡಿ ಕೂಡಿಸಬೇಕು. ಆ ಪ್ಲೇಟಿನಿಂದ ಹಿಂದೆ ಸ್ವಿಂಗ್ ಆರ್ಮ್ ಹತ್ತಿರದ ಚಾಸಿಯವರೆಗೆ ಎಂಜಿನ್ ಅಡಿಯಲ್ಲಿ ಒಂದು ಪೈಪ್ ಎಳೆದರೆ ಸೈಡ್‌ಕಾರಿನ ಎಳೆತ ಎಂಜಿನ್ ಕೇಸಿನ ಮೇಲೆ ಬೀಳುವುದಿಲ್ಲ. ಈ ಪೈಪ್ ಬಿಟ್ಟರೆ ಸ್ವಲ್ಪ ಕಾಲದಲ್ಲೇ ಕೇಸಿನ ಕಿವಿಗಳು ಬಿರುಕು ಬಿಡುವ ಭಯ ಇದ್ದೇ ಇರುತ್ತದೆ.

ಹಿಂದಿನ ಕೆಳಹಿಡಿತ ಸ್ವಿಂಗ್ ಆರ್ಮ್ ಬಳಿಯ ಚಾಸಿಗೆ, ಮೇಲಿನ ಮುಂದಿನದು ಟ್ಯಾಂಕ್ ಕೆಳಗೆ ಹ್ಯಾಂಡಲ್ ಕುತ್ತಿಗೆಯ ಹಿಂಬದಿಯ ಪೈಪಿಗೆ, ಮೇಲಿನ ಹಿಂದಿನದು ಸೀಟಿನ ಕೆಳಗೆ. ಹಿಂದಿನ ತೋಳು ಎಡಗಡೆಯ ಬ್ರೇಕ್ ಪೆಡಲಿಗೆ ತಾಗಬಾರದು, ಪ್ರೈಮರಿ ಕೇಸಿನ ಮುಚ್ಚಳ ಪೂರ್ತಿ ಹೊರಬರುವಷ್ಟು ಜಾಗ ಬಿಡಬೇಕು. ಇಲ್ಲದಿದ್ದರೆ ಕ್ಲಚ್ ಸರಿಪಡಿಸಲೂ ಸೈಡ್‌ಕಾರ್ ಇಳಿಸಬೇಕು. ಸೈಲೆನ್ಸರ್ ಮತ್ತು ಕಿಕ್ ಬಲಕ್ಕಿರುವುದು ನಮ್ಮ ಪುಣ್ಯ.

ಫ್ರೇಮಿಗೆ 38 ಮಿ.ಮೀ. ಹೊರವ್ಯಾಸದ, 3 ಮಿ.ಮೀ. ದಪ್ಪದ ಸೀಮ್‌ಲೆಸ್ ಪೈಪ್. ನೀರಿನ ಜಿಐ ಪೈಪ್ ಬೇಡ: ಅದರ ಸತುವಿನ ಲೇಪದ ಮೇಲೆ ವೆಲ್ಡಿಂಗ್ ಸರಿಯಾಗಿ ಹಿಡಿಯದು, ಹೊಗೆಯೂ ವಿಷ. ಬೋಲ್ಟ್ 12 ಮಿ.ಮೀ., ತಲೆಯ ಮೇಲೆ 8.8 ಎಂಬ ಗಟ್ಟಿತನದ ದರ್ಜೆ ಅಚ್ಚಿರಬೇಕು, ನಟ್ ನೈಲಾಕ್, ಅಂದರೆ ಒಳಗೆ ನೈಲಾನ್ ಬಳೆಯಿದ್ದು ಸುಲಭಕ್ಕೆ ಸಡಿಲಾಗದಂಥದ್ದು. ಮೇಲಿನ ಎರಡು ತೋಳುಗಳಿಗೆ ಉದ್ದ ಹೆಚ್ಚು ಕಡಿಮೆ ಮಾಡುವ ಮರೆ ಮತ್ತು ಲಾಕ್ ನಟ್ ಲೇತ್ ಅಂಗಡಿಯಲ್ಲಿ ಮಾಡಿಸಿ. ಮರೆ ಕನಿಷ್ಠ 25 ಮಿ.ಮೀ. ಒಳಗಿರಬೇಕು.

ಮೂರನೆಯ ಗಾಲಿಗೆ ಆಟೊರಿಕ್ಷಾದ 4.00-8 ಗಾಲಿ, ಹಬ್ಬು ಸುಲಭ. ಒಂದೇ ಬದಿಯ ಹಿಡಿತಕ್ಕೆಂದೇ ಆದ ಹಬ್ಬು, ಬ್ರೇಕ್ ಡ್ರಮ್ಮೂ ಜೊತೆಗೇ ಬರುತ್ತದೆ, ಯಾವ ಊರಿನಲ್ಲೂ ಬೇರಿಂಗ್ ಸಿಗುತ್ತದೆ. ಸೈನ್ಯದ ನೋಟಕ್ಕೆ 19 ಇಂಚಿನ ಸ್ಪೋಕ್ ಗಾಲಿಯೇ ಬೇಕೆಂದರೆ ಆಕ್ಸಲ್ 20 ಮಿ.ಮೀ.ಗಿಂತ ಸಣ್ಣದಿರಬಾರದು, ಎರಡೂ ತುದಿಗೆ ಆಧಾರ ಕೊಟ್ಟರೆ ಒಳ್ಳೆಯದು.

ಫರಸಿ ನೆಲದ ಮೇಲೆ ಅಳತೆ

ಈ ಕೆಲಸಕ್ಕೆ ಬೇಕಾದ ಮುಖ್ಯ ಸಾಧನ ಸಪಾಟು ನೆಲ. ಶಹಾಬಾದ್ ಕಲ್ಲಿನ ಫರಸಿ ಹಾಸಿದ ಪಡಸಾಲೆ ಅಥವಾ ಗೋದಾಮು ನಮ್ಮ ಸೀಮೆಯಲ್ಲಿ ಬೇಕಾದಷ್ಟು. ಆದರೆ ನೀರು ಹರಿಯಲೆಂದು ಗೌಂಡಿಗಳು ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡಿ, ಮೂರು ಗಾಲಿ ನಿಲ್ಲುವ ಜಾಗಗಳಲ್ಲಿ ತಗ್ಗಿದ್ದರೆ ತಗಡು ಇಟ್ಟು ಸಮ ಮಾಡಿ. ಜೊತೆಗೆ ಗೌಂಡಿಯ ತೂಗುಗುಂಡು, ಎರಡೂವರೆ ಮೀಟರಿನ ಎರಡು ಅಲ್ಯೂಮಿನಿಯಂ ಪಟ್ಟಿ, ಟೇಪು, ಸೀಮೆಸುಣ್ಣ, 50 ಕೆ.ಜಿ.ಯ ಒಂದು ಸಿಮೆಂಟ್ ಚೀಲ. ಮೂರೂ ಟೈರಿಗೆ ಗಾಳಿ ಮೊದಲೇ ತುಂಬಿ: ಮುಂದೆ 24, ಹಿಂದೆ 32, ಸೈಡ್‌ಕಾರ್‌ಗೆ 22 ಪಿಎಸ್‌ಐ ಸುಮಾರು. ಚೀಲ ಸೈಡ್‌ಕಾರ್ ಸೀಟಿನ ಮೇಲಿಟ್ಟು, ಓಡಿಸುವವರು ಸೀಟಿನ ಮೇಲೆ ಕೂತಿರುವಾಗ ಅಳೆಯಬೇಕು. ಖಾಲಿ ಗಾಡಿಯ ಅಳತೆ ರಸ್ತೆಯಲ್ಲಿ ಉಳಿಯುವುದಿಲ್ಲ.

ಎಲ್ಲಕ್ಕಿಂತ ಮೊದಲು ಬುಲೆಟ್‌ನ ಎರಡು ಗಾಲಿ ಒಂದೇ ಗೆರೆಯಲ್ಲಿವೆಯೇ ನೋಡಿ. ಚೈನ್ ಬಿಗಿಸುವಾಗ ಹಿಂದಿನ ಗಾಲಿ ಓರೆಯಾಗಿದ್ದರೆ ಮುಂದಿನ ಎಲ್ಲ ಅಳತೆಯೂ ಸುಳ್ಳು.

ಮೊದಲ ಅಳತೆ, ಮೂರನೆಯ ಗಾಲಿ ಎಷ್ಟು ಮುಂದಿರಬೇಕು ಎಂಬುದು. ಹಿಂದಿನ ಆಕ್ಸಲ್ ಮತ್ತು ಸೈಡ್‌ಕಾರ್ ಆಕ್ಸಲ್ ಎರಡರಿಂದಲೂ ತೂಗುಗುಂಡು ಬಿಟ್ಟು ಫರಸಿ ಮೇಲೆ ಗುರುತು ಹಾಕಿ. ಸೈಡ್‌ಕಾರ್ ಆಕ್ಸಲ್ 180ರಿಂದ 200 ಮಿ.ಮೀ. ಮುಂದಿರಲಿ. ಅದಕ್ಕಿಂತ ಬಹಳ ಕಡಿಮೆಯಾದರೆ ಬಲ ತಿರುವಿನಲ್ಲಿ ಸೈಡ್‌ಕಾರ್ ಮೂತಿ ನೆಲಕ್ಕೆ ಬಾಗಿ ಬುಲೆಟ್‌ನ ಹಿಂದಿನ ಗಾಲಿ ಎದ್ದೇಳುತ್ತದೆ. ಬಹಳ ಹೆಚ್ಚಾದರೆ ಹ್ಯಾಂಡಲ್ ಕಲ್ಲಿನಂತಾಗುತ್ತದೆ. ಅಗಲ, ಅಂದರೆ ಬುಲೆಟ್‌ನ ಗಾಲಿ ಗೆರೆಯಿಂದ ಸೈಡ್‌ಕಾರ್ ಗಾಲಿಯವರೆಗೆ, 1,100 ಮಿ.ಮೀ. ಆಸುಪಾಸು.

ಎರಡನೆಯದು ಟೋ-ಇನ್. ಸೈಡ್‌ಕಾರ್ ಗಾಲಿಯ ಮುಂಭಾಗ ಬುಲೆಟ್ ಕಡೆಗೆ ತುಸು ಹೊರಳಿರಬೇಕು. ಒಂದು ಪಟ್ಟಿಯನ್ನು ಇಟ್ಟಿಗೆಗಳ ಮೇಲೆ 100 ಮಿ.ಮೀ. ಎತ್ತರದಲ್ಲಿಟ್ಟು ಬುಲೆಟ್‌ನ ಬಲಬದಿಗೆ, ಹಿಂದಿನ ಟೈರಿಗೆ ಎರಡು ಕಡೆ ತಾಗುವಂತೆ ಇಡಿ. ಇನ್ನೊಂದು ಸೈಡ್‌ಕಾರ್ ಟೈರಿನ ಹೊರಬದಿಗೆ. ಮುಂದಿನ ಟೈರಿನ ಮುಂದೆ ಒಮ್ಮೆ, ಹಿಂದಿನ ಟೈರಿನ ಹಿಂದೆ ಒಮ್ಮೆ, ಎರಡು ಪಟ್ಟಿಗಳ ನಡುವಿನ ದೂರ ಅಳೆಯಿರಿ. ಹಿಂದಿನದಕ್ಕಿಂತ ಮುಂದಿನದು 20 ಮಿ.ಮೀ. ಕಡಿಮೆ ಬರಬೇಕು. ಸೈಡ್‌ಕಾರ್ ಗಾಲಿ ಚಿಕ್ಕದಾದ್ದರಿಂದ ಅದರ ಸಣ್ಣ ಓರೆಯೂ ಪಟ್ಟಿಯ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಗಾಲಿಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆದು ಎರಡರ ಸರಾಸರಿ ತೆಗೆದುಕೊಳ್ಳಿ. ಇದನ್ನು ಸರಿಪಡಿಸುವುದು ಕೆಳಗಿನ ಎರಡು ಹಿಡಿತಗಳಿಂದ.

ಮೂರನೆಯದು ವಾಲು. ಬುಲೆಟ್ ಸೈಡ್‌ಕಾರಿನಿಂದ ದೂರಕ್ಕೆ, ಅಂದರೆ ಬಲಕ್ಕೆ, ಒಂದರಿಂದ ಒಂದೂವರೆ ಡಿಗ್ರಿ ವಾಲಿರಬೇಕು. ನಮ್ಮ ರಸ್ತೆಗಳು ನಡುವೆ ಉಬ್ಬಿ ಎಡಕ್ಕೆ ಇಳಿಯುತ್ತವೆ, ಎಡಗಡೆಯ ಸೈಡ್‌ಕಾರ್ ಆ ಇಳಿಜಾರಿಗೆ ಜಾರುತ್ತಲೇ ಇರುತ್ತದೆ. ಈ ವಾಲು ಅದನ್ನು ತಡೆಯುತ್ತದೆ. ಅಳೆಯಲು 150 ಮಿ.ಮೀ.ನ ಮರದ ತುಂಡನ್ನು ಮುಂದಿನ ರಿಮ್ಮಿನ ಬಲಬದಿಯ ಮೇಲ್ತುದಿಗೆ ಒತ್ತಿ ಹಿಡಿದು, ಅದರ ಹೊರತುದಿಯಿಂದ ತೂಗುಗುಂಡು ಇಳಿಬಿಡಿ. ರಿಮ್ಮಿನ ಕೆಳತುದಿಯಿಂದ ದಾರಕ್ಕೆ 158ರಿಂದ 162 ಮಿ.ಮೀ. ಬಂದರೆ ವಾಲು ಸರಿ. 150 ಬಂದರೆ ಗಾಡಿ ನೆಟ್ಟಗಿದೆ, ಅದಕ್ಕೂ ಕಡಿಮೆ ಬಂದರೆ ಸೈಡ್‌ಕಾರ್ ಕಡೆಗೇ ವಾಲಿದೆ. ಮೇಲಿನ ಎರಡು ತೋಳಿನ ಮರೆ ತಿರುಗಿಸಿ ಸರಿಪಡಿಸಿ. ವಾಲು ಬದಲಿಸಿದರೆ ಟೋ-ಇನ್ ತುಸು ಕದಲುತ್ತದೆ, ಟೋ-ಇನ್ ಬದಲಿಸಿದರೆ ವಾಲು ಕದಲುತ್ತದೆ. ಎರಡೂ ನಿಲ್ಲುವವರೆಗೆ ಮೂರ್ನಾಲ್ಕು ಸಲ ಹಿಂದೆ ಮುಂದೆ ಅಳೆಯಲೇಬೇಕು. ಬೇಸರವಾಗುತ್ತದೆ, ಆದರೂ ಬಿಡಬೇಡಿ.

ರಸ್ತೆ ಹೇಳುವುದನ್ನು ಕೇಳುವುದು

ಬೆಳಗಿನ ಜಾವ ಖಾಲಿಯಿರುವ ನೆಟ್ಟನೆಯ ರಸ್ತೆ ಆರಿಸಿ, 40 ಕಿ.ಮೀ. ವೇಗದಲ್ಲಿ ಒಂದೇ ಸಮ ಓಡಿಸಿ. ಗಾಡಿ ಎಡಕ್ಕೆ ಎಳೆದರೆ ವಾಲು ಸಾಲದು: ಮೇಲಿನ ತೋಳುಗಳನ್ನು ಅರ್ಧರ್ಧ ಸುತ್ತು ಉದ್ದ ಮಾಡಿ. ಬಲಕ್ಕೆ ಎಳೆದರೆ ವಾಲು ಹೆಚ್ಚಾಗಿದೆ. ಆಕ್ಸಿಲರೇಟರ್ ಕೊಟ್ಟಾಗ ತುಸು ಎಡಕ್ಕೂ ಬಿಟ್ಟಾಗ ತುಸು ಬಲಕ್ಕೂ ಹೋಗುವುದು ದೋಷವಲ್ಲ. ಎಂಜಿನ್ ಎಳೆಯುವುದು ಬುಲೆಟ್ ಗಾಲಿಯನ್ನು ಮಾತ್ರ, ಸೈಡ್‌ಕಾರ್ ತನ್ನ ಭಾರದಿಂದ ಮೊದಲು ಹಿಂದುಳಿಯುತ್ತದೆ, ಆಮೇಲೆ ಮುನ್ನುಗ್ಗುತ್ತದೆ. 300–400 ಕಿ.ಮೀ. ಆದ ಮೇಲೆ ಸೈಡ್‌ಕಾರ್ ಟೈರಿನ ಮೇಲೆ ಅಂಗೈ ಅಡ್ಡಡ್ಡ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಗುಲಿದರೆ ಟೋ-ಇನ್ ತಪ್ಪಿದೆ.

ಸೈಡ್‌ಕಾರ್ ಗಾಲಿಗೆ ಬ್ರೇಕ್ ಇಲ್ಲದಿದ್ದರೆ ಗಟ್ಟಿ ಬ್ರೇಕ್ ಹಿಡಿದಾಗ ಇಡೀ ಗಾಡಿ ಬಲಕ್ಕೆ ತಿರುಗಿ ಎದುರಿನ ವಾಹನದತ್ತ ಮೂತಿ ಮಾಡುತ್ತದೆ. ಆದ್ದರಿಂದ ಬ್ರೇಕ್ ಹಾಕಲೇಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಬ್ರೇಕ್ ಪೆಡಲಿಗೇ ಇನ್ನೊಂದು ಕೇಬಲ್ ಕಟ್ಟಿ, ಹಿಂದಿನ ಬ್ರೇಕ್ ಹಿಡಿದ ಮೇಲೆ ಇದು ಹಿಡಿಯುವಂತೆ ಹೊಂದಿಸಿ.

ಎಡ ತಿರುವಿನಲ್ಲಿ ಖಾಲಿ ಸೈಡ್‌ಕಾರ್ ಗಾಳಿಗೆ ಏಳುತ್ತದೆ. ಹೊಸಬರು ಹೆದರಿ ಹ್ಯಾಂಡಲ್ ಬಲಕ್ಕೆ ತಿರುಗಿಸುತ್ತಾರೆ. ಗಾಲಿ ಇಳಿಯುತ್ತದೆ ನಿಜ, ಆದರೆ ಅಷ್ಟರಲ್ಲಿ ಗಾಡಿ ರಸ್ತೆಯ ಆ ಬದಿಗೆ ಹೋಗಿರುತ್ತದೆ. ಒಬ್ಬರೇ ಹೋಗುವಾಗ 30–40 ಕೆ.ಜಿ. ಮರಳಿನ ಚೀಲವನ್ನು ಸೈಡ್‌ಕಾರ್ ಒಳಗೆ ಗಾಲಿಯ ಹತ್ತಿರ ಕಟ್ಟಿ, ತಿರುವಿಗೆ ಮುಂಚೆಯೇ ವೇಗ ಇಳಿಸಿ, ಮೈಯನ್ನು ಎಡಕ್ಕೆ ಚಾಚಿ. ತೊಗರಿ ಕೊಯ್ಲಾದ ಮೇಲಿನ ಗಟ್ಟಿ ಬಯಲಿನಲ್ಲಿ ಎಂಟರ ಆಕಾರದಲ್ಲಿ ಒಂದು ವಾರ ಓಡಿಸಿ, ಆಮೇಲೆ ರಸ್ತೆಗೆ ತನ್ನಿ. ಯಾರನ್ನಾದರೂ ಕೂರಿಸಿಕೊಳ್ಳುವುದು ಅದಕ್ಕೂ ಆಮೇಲೆ.

ಲೈಟಿನ ಮಾತು ಚಿಕ್ಕದು. ಸೈಡ್‌ಕಾರ್‌ಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ, ಎಡಗಡೆಯ ಇಂಡಿಕೇಟರ್ ಅದರ ಮೇಲೆಯೇ. 6 ವೋಲ್ಟಿನ ಹಳೆ ಗಾಡಿಗೆ ಇಷ್ಟು ದೀಪ ಹೊರೆ, 12 ವೋಲ್ಟಿಗೆ ಬದಲಿಸಿ.

ಬಿಸಿಲು, ಪೆಟ್ರೋಲು, ಎರೆಮಣ್ಣು

ಏಪ್ರಿಲ್–ಮೇನಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಗಾಳಿಯಿಂದಲೇ ತಣಿಯುವ ಎಂಜಿನ್, ದುಪ್ಪಟ್ಟು ಭಾರ, ಕಡಿಮೆ ವೇಗ: ಪಿಸ್ಟನ್ ಹಿಡಿಯಲು ಇಷ್ಟು ಸಾಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ, ಪ್ಲಗ್ ತುದಿ ಬಿಳಿಚಿಕೊಳ್ಳದೆ ಕಂದು ಬಣ್ಣದಲ್ಲಿದೆಯೇ ನೋಡುತ್ತಿರಿ, 55–60 ಕಿ.ಮೀ. ವೇಗ ದಾಟಬೇಡಿ. ಹುಮನಾಬಾದ್ ಮೇಲೆ ಬೀದರಕ್ಕೆ ಹೊರಟರೆ ಬೆಳಗ್ಗೆ ಹತ್ತರೊಳಗೆ ತಲುಪುವಂತೆ ಹೊರಡಿ.

ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್. ಅದು ತೇವ ಹೀರಿ ಹಳೆ ಟ್ಯಾಂಕನ್ನು ಒಳಗಿಂದ ತುಕ್ಕು ಹಿಡಿಸುತ್ತದೆ, ಹಳೆ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪು, ಟ್ಯಾಪಿನ ವಾಷರ್ ಹೊಸದು ಹಾಕಿ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಬಟ್ಟಲು ಖಾಲಿ ಮಾಡಿಯೇ ಇಡಿ.

ಮೊದಲ 100 ಕಿ.ಮೀ.ಗೆ ಒಮ್ಮೆ, 500ಕ್ಕೆ ಒಮ್ಮೆ, ಆಮೇಲೆ ಪ್ರತಿ 1,000ಕ್ಕೆ ನಾಲ್ಕೂ ಹಿಡಿತದ ನಟ್ ಬಿಗಿಸಿ. ಪ್ರತಿ ನಟ್ ಮತ್ತು ಬೋಲ್ಟಿನ ಮೇಲೆ ಸೇರಿ ಒಂದು ಬಿಳಿ ಬಣ್ಣದ ಗೆರೆ ಎಳೆದಿಟ್ಟರೆ ಕದಲಿದ್ದು ಕಣ್ಣಿಗೇ ಕಾಣುತ್ತದೆ. ವೆಲ್ಡಿಂಗ್ ಪಕ್ಕದಲ್ಲಿ ಬಣ್ಣ ಕೂದಲೆಳೆಯಂತೆ ಬಿರಿದು ಕೆಂಪು ತುಕ್ಕು ಇಣುಕಿದರೆ ಅಲ್ಲಿ ಪೈಪ್ ಸೀಳುತ್ತಿದೆ, ಅಂದೇ ಗಾಡಿ ನಿಲ್ಲಿಸಿ.

ಮಳೆಗಾಲದಲ್ಲಿ ಎರೆಹೊಲದ ದಾರಿಗೆ ಇಳಿಸುವುದಾದರೆ ಮೂರೂ ಮಡ್‌ಗಾರ್ಡ್ ಮತ್ತು ಟೈರ್ ನಡುವೆ ಕನಿಷ್ಠ 50 ಮಿ.ಮೀ. ಸಂದಿರಬೇಕು. ಆ ಮಣ್ಣು ಟೈರಿಗೆ ಸುತ್ತಿಕೊಂಡು ಮಡ್‌ಗಾರ್ಡಿನಲ್ಲಿ ಗಿಡಿದು ಗಾಲಿಯನ್ನೇ ನಿಲ್ಲಿಸುತ್ತದೆ. ಸೈಡ್‌ಕಾರ್ ಗಾಲಿ ನಿಂತರೆ ಗಾಡಿ ಇದ್ದಲ್ಲೇ ಎಡಕ್ಕೆ ಗಿರಕಿ ಹೊಡೆಯುತ್ತದೆ. ಸೀಟಿನ ಕೆಳಗೆ ಒಂದು ಕುರ್ಪಿ ಇಟ್ಟುಕೊಳ್ಳಿ. ಮನೆಗೆ ಬಂದ ದಿನವೇ ತೊಳೆಯಿರಿ, ಒಣಗಿದ ಮೇಲೆ ಅದು ಸಿಮೆಂಟಿನಂತೆ ಹಿಡಿಯುತ್ತದೆ, ಬ್ರೇಕ್ ಕೇಬಲ್ಲೂ ಅದರೊಳಗೇ ಸಿಕ್ಕಿಕೊಂಡಿರುತ್ತದೆ.